ಹೆಸರಿಲ್ಲದ ಒಂಬತ್ತು ನಂಬರುಗಳು

೨೦೨೫ರ ಜುಲೈ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಬೆಳಗಾವಿಯ ಸದಾಶಿವನಗರದಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೂವರಿದ್ದೆವು. ನಾನು, ಕಂಪ್ಯೂಟರ್ ರಿಪೇರಿಯ ಪರಶುರಾಮ, ಮತ್ತು ಹಿಂಡಲಗಾದಿಂದ ಬಂದಿದ್ದ ನನ್ನ ಅಣ್ಣನ ಹೆಂಡತಿ ಸುಶೀಲಾ ವೈನಿ. ಪರಶುರಾಮನಿಗೆ ಒಂಬತ್ತೂವರೆಗೆ ಬರಲು ಹೇಳಿದ್ದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಬಂದಿದ್ದ.

ನಾನು ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ರಕ್ತನಿಧಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಅಲ್ಲಿ ಒಂದು ಚೀಟಿಯನ್ನು ಎರಡು ಸಲ ಓದದೆ ಚೀಲಕ್ಕೆ ಅಂಟಿಸುವಂತಿರಲಿಲ್ಲ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಆ ರೂಢಿ ಹೋಗಿಲ್ಲ. ಬೆಳಗಾವಿ, ಖಾನಾಪುರ ಕಡೆಯ ರಕ್ತದಾನಿಗಳ ಯಾದಿಯೊಂದನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೇನೆ. ಹೆಸರು, ಊರು ಕನ್ನಡದಲ್ಲಿ. ರಕ್ತದ ಗುಂಪು, ಫೋನ್ ನಂಬರ್, ಟಿಪ್ಪಣಿ ಇಂಗ್ಲಿಷಿನಲ್ಲಿ. ಯಾರಿಗಾದರೂ ತುರ್ತಾಗಿ ರಕ್ತ ಬೇಕಾದರೆ ಇವತ್ತಿಗೂ ನನಗೆ ಫೋನ್ ಬರುತ್ತದೆ.

ಜೂನ್ ಕೊನೆಯಲ್ಲಿ ಸಿಡಿಲಿಗೆ ಹಳೆಯ ಕಂಪ್ಯೂಟರ್ ಸುಟ್ಟುಹೋಗಿತ್ತು. ಪ್ರತಿ ಶನಿವಾರ ಪೆನ್‌ಡ್ರೈವಿಗೆ ನಕಲು ಮಾಡಿಡುವ ನಿಯಮವಿದ್ದುದರಿಂದ ಫೈಲುಗಳು ಉಳಿದವು. ಹೊಸ ಕಂಪ್ಯೂಟರಿನಲ್ಲಿ ಆಫೀಸ್ ತಂತ್ರಾಂಶ ಇರಲಿಲ್ಲ. ವರ್ಷವರ್ಷ ಚಂದಾ ಕಟ್ಟಿ ನನ್ನದೇ ಪತ್ರ ನಾನು ಓದುವುದು ನನಗೆ ಒಪ್ಪಿಗೆಯಾಗದ ಮಾತು. ಉಚಿತವಾಗಿ ಸಿಗುವವು ಬೇಕಾದಷ್ಟಿವೆ, ಹಳೆಯ ಫೈಲುಗಳೆಲ್ಲ ಅವುಗಳಲ್ಲಿ ತೆರೆಯುತ್ತವೆ ಎಂದು ಪರಶುರಾಮ ಭರವಸೆ ಕೊಟ್ಟ. ನಾನು ಐದು ಫೈಲು ಆರಿಸಿ, ಪ್ರತಿಯೊಂದು ತಂತ್ರಾಂಶಕ್ಕೂ ಅದೇ ಐದು ಫೈಲುಗಳ ಪರೀಕ್ಷೆ ಇಟ್ಟೆ.

ಮೊದಲನೆಯದರಲ್ಲಿ ಎರಡು ಪುಟದ ಇಂಗ್ಲಿಷ್ ಪತ್ರ ಮೂರು ಪುಟವಾಯಿತು, ಕೋಷ್ಟಕದ ಕೊನೆಯ ಕಾಲಂ ಹಾಳೆಯ ಹೊರಗೆ ಹೋಯಿತು. ಎರಡನೆಯದು ಇಂಟರ್ನೆಟ್ ಇಲ್ಲದಿದ್ದರೆ ಬಾಯಿಯನ್ನೇ ಬಿಡುತ್ತಿರಲಿಲ್ಲ. ಎರಡರಲ್ಲೂ ಯಾದಿಯ ಹೆಸರುಗಳು ಕೆಟ್ಟುಹೋಗಿದ್ದವು. ಅಂದು ಮೂರನೆಯದು. ಪತ್ರ ಎರಡೇ ಪುಟದಲ್ಲಿ ಕುಳಿತಿತ್ತು, ಕೋಷ್ಟಕ ಅಲುಗಾಡಿರಲಿಲ್ಲ. ಪೂರ್ತಿ ಅಂಕ ಕೊಡುವವಳಿದ್ದೆ. ಯಾದಿ ತೆರೆದೆ. ಬಸವರಾಜ, ಶಾಂತವ್ವ ಎಂದೆಲ್ಲ ಇರಬೇಕಾದ ಜಾಗದಲ್ಲಿ ಪೌಂಡಿನ ಚಿಹ್ನೆ, ಡಿಗ್ರಿಯ ಚಿಹ್ನೆ, ತಲೆಯ ಮೇಲೆ ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳು!

"ಅಕ್ಕಾರ, ಇನ್ನೊಂದು ಐತ್ರಿ. ಅದನ್ನ ಹಾಕಿ ನೋಡೂಣು," ಎಂದ ಪರಶುರಾಮ.

"ಮೂರು ಆತು. ಇನ್ನ ಎಷ್ಟ ಹಾಕಾಂವ ನೀನು?"

ಮೆಂತ್ಯೆ ಸೋಸುತ್ತ ಕುಳಿತಿದ್ದ ವೈನಿ ತಲೆ ಎತ್ತದೆ ಹೇಳಿದರು: "ಪದ್ಮಾ, ಮೂರು ಮಂದಿ ಡಾಕ್ಟರ್ ಬದಲಿ ಮಾಡಿದ್ರೂ ಕೆಮ್ಮು ಹೋಗಲಿಲ್ಲಂದ್ರ, ಡಾಕ್ಟರ್‌ಗೆ ಯಾಕ ಬೈತೀಯವಾ?"

"ವೈನಿ, ನೀವು ಮೆಂತ್ಯೆ ನೋಡ್ರಿ," ಎಂದುಬಿಟ್ಟೆ.

ಹತ್ತೂ ಹತ್ತಕ್ಕೆ ಫೋನ್ ಬಂತು. "ಬಾಯಾರ, ನಾನು ಖಾನಾಪುರದ ಶಿವಾನಂದ ಅಂತ. ನೀವು ಮದ್ಲ ಇದ್ದ ಆಸ್ಪತ್ರ್ಯಾಗ ಅದೀವ್ರಿ, ಅಲ್ಲೇ ನಿಮ್ಮ ನಂಬರ್ ಕೊಟ್ರು. ನನ್ನ ಹೆಂಡತಿಗೆ ಗರ್ಭಕೋಶದಾಗ ಗಡ್ಡಿ ಆಗೈತಿ, ಮೂರು ದಿನಾ ಆತು ರಕ್ತ ಹೋಗೂದು ನಿಂತಿಲ್ರಿ. ನಾಕಕ್ಕ ಆಪರೇಷನ್. ಓ ನೆಗೆಟಿವ್ ಒಂದ ಚೀಲ ಐತಂತ, ಇನ್ನೊಂದು ಸಿಗೂ ತನಕ ಮುಟ್ಟೂದಿಲ್ಲ ಅಂತಾರ. ತಪಾಸಣಿ ಮಾಡಾಕ ಹೊತ್ತು ಹಿಡಿತೈತಿ, ಹನ್ನೆರಡರೊಳಗ ಯಾರರ ಬರಬೇಕ್ರಿ."

ಯಾದಿಯಲ್ಲಿ ಓ ನೆಗೆಟಿವ್ ಗುಂಪಿನವರನ್ನಷ್ಟೇ ಸೋಸಿದೆ. ಹೊಸ ತಂತ್ರಾಂಶ ಚಕಚಕನೆ ಒಂಬತ್ತು ಸಾಲು ತೋರಿಸಿತು. ಒಂಬತ್ತು ನಂಬರು ಸ್ಪಷ್ಟವಾಗಿದ್ದವು. ಒಂದು ಹೆಸರೂ ಇರಲಿಲ್ಲ.

ಮೊದಲ ನಂಬರಿಗೆ ಹಚ್ಚಿ, "ನಮಸ್ಕಾರ್ರಿ, ತಮ್ಮ ಹೆಸರೇನು?" ಎಂದೆ.

"ಫೋನ್ ಹಚ್ಚಿದವ್ರು ನೀವು. ನನ್ನ ಹೆಸರು ನನ್ನನ್ನ ಕೇಳ್ತೀರಲ್ಲ! ಇನ್ನ ಸ್ವಲ್ಪ ಹೊತ್ತಿಗೆ ಓಟಿಪಿನೂ ಕೇಳ್ತೀರಿ. ಇಡ್ರಿ ಫೋನ್!" ಎಂದು ಒಬ್ಬರು ಕಟ್ ಮಾಡಿದರು. ಮತ್ತೆ ಹಚ್ಚಿದರೆ ಹೋಗಲೇ ಇಲ್ಲ.

ಎರಡನೆಯದು ಸ್ವಿಚ್ ಆಫ್. ಮೂರನೆಯದನ್ನು ಎತ್ತಿದ ಹೆಂಗಸು ಮರಾಠಿಯಲ್ಲಿ, "ಕೋಣ ಪಾಹಿಜೆ?" ಎಂದಳು. ಯಾರು ಬೇಕು ಎಂಬ ಸರಳ ಪ್ರಶ್ನೆ. ಮರಾಠಿ ನನಗೆ ಚೆನ್ನಾಗಿ ಬರುತ್ತದೆ; ಹೆಸರು ಬರಬೇಕಲ್ಲ! ನಾನು ತಡವರಿಸಿ ರಕ್ತದ ಮಾತು ಎತ್ತುವಷ್ಟರಲ್ಲಿ ಆಕೆಯೂ ಇಟ್ಟಳು.

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ನಾಲ್ಕನೆಯ ಸಾಲಿನ ಎದುರು ಕೆಲಸದಲ್ಲಿದ್ದಾಗ ನಾನೇ ಇಂಗ್ಲಿಷಿನಲ್ಲಿ ಬರೆದ ಟಿಪ್ಪಣಿಯಿತ್ತು: ಎಡಗೈ ಮಾತ್ರ, ಫ್ಯಾನ್ ನೋಡಲು ಹೇಳಬೇಕು. ಫೋನ್ ಹಚ್ಚಿದೆ.

"ಯಾರ್ರಿ? ಮದ್ಲ ಹೆಸರು ಹೇಳ್ರಿ," ಎಂದಿತು ಗಂಡುದನಿ.

"ಹೆಸರು ಬಿಡ್ರಿ. ನಿಮ್ಮ ಬಲಗೈಯಾಗ ನರ ಸಿಗೂದಿಲ್ಲ. ಎಡಗೈಗೆ ಸೂಜಿ ಹಾಕಬೇಕು. ಹಾಕೂ ಮುಂದ ನೀವು ಮ್ಯಾಲಿನ ಫ್ಯಾನ್ ನೋಡ್ಕೋತ ಇರಬೇಕು, ಸೂಜಿ ಕಂಡ್ರ ಚಕ್ಕರ್ ಬರ್ತೈತಿ. ಹೌದಿಲ್ಲೊ?"

"ಯವ್ವಾ! ಆ ಸಿಟ್ಟಿನ ಸಿಸ್ಟರ್ ಏನ್ರಿ ನೀವು?"

"ಹೂಂ. ಅಕೀನ."

"ಹಂಗಂತ ಮದ್ಲ ಹೇಳಬಾರದೇನ್ರಿ! ಎಲ್ಲಿಗೆ ಬರ್ಲಿ?"

ಮೂರು ತಿಂಗಳೊಳಗೆ ರಕ್ತ ಕೊಟ್ಟಿದ್ದಾರೆಯೇ, ಜ್ವರವೇನಾದರೂ ಬಂದಿತ್ತೇ ಎಂದು ವಿಚಾರಿಸಿ ಆಸ್ಪತ್ರೆ ತಿಳಿಸಿದೆ. "ಬೀಡಿ ಊರಿಂದ ಗಾಡಿ ಮ್ಯಾಲ ಹೊಂಟೆ," ಎಂದು ಇಟ್ಟುಬಿಟ್ಟರು. ಶಿವಾನಂದರಿಗೆ ಯಾರು ಬರುತ್ತಾರೆಂದು ಹೇಳಲು ಹೋದಾಗಲೇ ನೆನಪಾದದ್ದು, ಹೆಸರು ಕೇಳಲೇ ಇಲ್ಲ! "ಬೀಡಿಯವರು. ಎಡಗೈ," ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ಪರಶುರಾಮ ಕತ್ತು ತುರಿಸಿಕೊಳ್ಳುತ್ತ, "ವೈನ್ಯಾರ ಮಾತು ಖರೇ ಅನಸ್ತೈತ್ರಿ. ಹಳೇ ಕಂಪ್ಯೂಟರ್‌ದಾಗ ಕನ್ನಡ ಯಾವ ಫಾಂಟ್‌ನ್ಯಾಗ ಹೊಡಿತಿದ್ರಿ?" ಎಂದ.

ಆಗಲೇ ನನಗೆ ಹೊಳೆದದ್ದು. ಯಾದಿಯನ್ನು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಆ ಫಾಂಟ್ ಇದ್ದದ್ದು ಕಂಪ್ಯೂಟರಿನಲ್ಲಿ, ಫೈಲಿನಲ್ಲಲ್ಲ. ಅದಿಲ್ಲದೆ ಯಾವ ತಂತ್ರಾಂಶವೂ ಆ ಹೆಸರುಗಳನ್ನು ತೋರಿಸಲಾರದು. ಹೊಸ ಕಂಪ್ಯೂಟರಿಗೆ ಸಾಗಿಸಬೇಕಾದವುಗಳ ಪಟ್ಟಿಯಲ್ಲಿ ನಾನು ಹದಿನಾಲ್ಕು ವಸ್ತು ಬರೆದಿದ್ದೆ. ಮೌಸಿನ ಕೆಳಗಿಡುವ ಹಾಳೆಯೂ ಅದರಲ್ಲಿತ್ತು. ಫಾಂಟ್ ಇರಲಿಲ್ಲ.

"ಇದನ್ನ ಮದ್ಲ ಯಾಕ ಕೇಳಲಿಲ್ಲೋ?" ಎಂದು ರೇಗಿದೆ.

"ನೀವು ಪರೀಕ್ಷಾ ಇಟ್ಟಿದ್ರಿ. ನಾನು ಉತ್ತರಾ ಬರಿಯಾಕತ್ತಿದ್ದೆ," ಎಂದ.

ವೈನಿ ಸೆರಗು ಬಾಯಿಗೆ ಹಿಡಿದು ನಕ್ಕರು.

ಅಂಗಡಿಯ ಹಳೆಯ ಡಿಸ್ಕಿನಲ್ಲಿ ಆ ಫಾಂಟ್ ಇರಬಹುದು, ಎರಡಕ್ಕೆ ತರುತ್ತೇನೆ ಎಂದು ಹೋದ ಪರಶುರಾಮ ಐದಕ್ಕೆ ಬಂದ. ಫಾಂಟ್ ಹಾಕಿದ. ಕಣ್ಣು ಮಿಟುಕಿಸುವುದರೊಳಗೆ ಪೌಂಡು, ಡಿಗ್ರಿಗಳೆಲ್ಲ ಕರಗಿ ಮನುಷ್ಯರು ಬಂದು ನಿಂತರು. ಮೊದಲಿನ ಎರಡು ತಂತ್ರಾಂಶಗಳು ಈ ವಿಷಯದಲ್ಲಿ ಸುಮ್ಮನೆ ಬೈಸಿಕೊಂಡಿದ್ದವು. ಮೂರನೆಯದನ್ನೇ ಇಟ್ಟುಕೊಂಡೆ.

ಐದೂ ನಲವತ್ತಕ್ಕೆ ಶಿವಾನಂದರ ಫೋನ್. "ಹೊರಗ ತಂದ್ರು ಬಾಯಾರ. ಎಚ್ಚರ ಅದಾಳ್ರಿ. ನೀರು ಕೇಳಾಕತ್ಯಾಳ."

"ಸಿಸ್ಟರ್ ಹೇಳೂ ತನಕ ಒಂದು ಹನಿ ಕೊಡಬ್ಯಾಡ್ರಿ," ಎಂದೆ.

"ಇನ್ನೊಂದು ಕೇಳೂದಿತ್ತು. ಆ ಬೀಡಿಯವ್ರು ಹೊಲದಾಗ ಕೆಲಸ ಐತಿ ಅಂತ ಚಾ ಸುದ್ದಾ ಕುಡಿಲಾರದ ಹೋದ್ರು. ನಾನು ಗಡಿಬಿಡ್ಯಾಗ ಹೆಸರೂ ಕೇಳಲಿಲ್ಲ. ಅಕಿ ಕೇಳಿದ್ರ ಏನ್ ಹೇಳ್ಲಿ?"

ಪರದೆಯ ನಾಲ್ಕನೆಯ ಸಾಲು ನೋಡಿದೆ. ರೂಢಿಯಂತೆ ಎರಡು ಸಲ ಓದಿಕೊಂಡು, "ಯಲ್ಲಪ್ಪ ಅಂತ ಹೇಳ್ರಿ," ಎಂದೆ.

ಆ ಮೂರು ಫೋನುಗಳ ಹೊತ್ತಿನ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಯಾವ ತಂತ್ರಾಂಶ ಒಳ್ಳೆಯದು ಎಂದು ಈಗ ಯಾರಾದರೂ ಕೇಳಿದರೆ, ನಿಮ್ಮ ಹಳೆಯ ಅಕ್ಷರ ಎಲ್ಲಿದೆ ನೋಡಿಕೊಳ್ಳಿ ಎಂದು ಮೊದಲು ಹೇಳುತ್ತೇನೆ. ಇಡೀ ಯಾದಿಯನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡಿಗೆ ಬದಲಿಸಲು ಪರಶುರಾಮನಿಗೆ ಗುರುವಾರ ಒಂಬತ್ತೂವರೆಗೆ ಬರಲು ಹೇಳಿದೆ.

"ಪದ್ಮಾ, ಹೊತ್ತು ಮುಳಗತೈತಿ, ಉಣ್ಣಾಕ ಏಳು," ಎಂದು ವೈನಿ ಕರೆದರು. ನಾವು ಜೈನರು, ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವ ಮನೆತನ. "ಐದು ನಿಮಿಷ ವೈನಿ," ಎಂದು ಗೆರೆ ಹಾಕಿದ ನೋಟ್‌ಬುಕ್ ತೆಗೆದು ಒಂಬತ್ತು ಹೆಸರು, ಊರು, ನಂಬರುಗಳನ್ನು ಪೆನ್ನಿನಲ್ಲಿ ಬರೆದೆ. ಯಲ್ಲಪ್ಪನವರ ಮುಂದೆ ಅಂದಿನ ತಾರೀಖು ಹಾಕಿದೆ. ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಎದ್ದೆ. ಬೆಳಿಗ್ಗೆ ಗದರಿಸಿದ್ದೆನಲ್ಲ, ಆ ಮೆಂತ್ಯೆಯ ಪಲ್ಯವನ್ನೇ ವೈನಿ ಎರಡು ಸಲ ಬಡಿಸಿದರು. ಬಿಸಿಲು ಇನ್ನೂ ಇರುವಾಗಲೇ ತಟ್ಟೆ ತೊಳೆದಿಟ್ಟೆ.