ಹಳೇ ಮೋಟಾರಿನ ದೋಣಿಯಲ್ಲಿ ಅಕ್ಕಿಹೆಬ್ಬಾಳಿಗೆ

ನಾಗಮಂಗಲದಲ್ಲಿ ಕೆ.ಆರ್. ಪೇಟೆಯ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ಪ್ಲಗ್ ಸ್ಪ್ಯಾನರು ಇದ್ದವು. ತಲೆಯಲ್ಲಿ ಬೇಕಾದಷ್ಟು ಜಂಬ ಇತ್ತು. ಟಿಲ್ಲರು, ಔಷಧಿ ಹೊಡೆಯುವ ಮೆಷಿನ್ನುಗಳ ರಿಪೇರಿ ನನ್ನ ಕಸುಬು. ಅಕ್ಕಿಹೆಬ್ಬಾಳಿನಲ್ಲಿ ತೆಪ್ಪದ ಮೇಲೆ ಮೀನು ಹಿಡಿಯುವ ಭಾವ, ಎಂದರೆ ನನ್ನ ಅಕ್ಕನ ಗಂಡ, ಮೋಟಾರಿರುವ ದೊಡ್ಡ ದೋಣಿ ಕೊಳ್ಳಬೇಕು, ಬಂದು ನೋಡು ಎಂದು ಫೋನು ಮಾಡಿದ್ದ. ದೋಣಿ ಹಳೆಯದು, ಮೋಟಾರು ಅದಕ್ಕಿಂತ ಹಳೆಯದು. ಮುದಿ ಎತ್ತು ಕೊಳ್ಳಲು ಹೊರಟವನಿಗೆ ಹಲ್ಲು ನೋಡುವವನೊಬ್ಬ ಜೊತೆಗಿರಬೇಕಲ್ಲ.

ಆ ಸಂಜೆ ಅಕ್ಕನ ಮನೆಯಲ್ಲಿ ಮುದ್ದೆ, ಉಪ್ಸಾರು. ಇಷ್ಟು ವರ್ಷವೂ ಭಾವ ಬಲೆ ಬಿಟ್ಟರೆ ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದವಳು ಅಕ್ಕ. ಈಗ ಅವಳ ಬಲಭುಜ ಸೋತಿತ್ತು, ಕೈ ಮೇಲೆತ್ತಲು ಆಗುತ್ತಿರಲಿಲ್ಲ.

“ಮೋಟಾರ್ ಬಂದ್ರೆ ನಾನೊಬ್ನೇ ಓಯ್ತೀನಿ ಕಣ್ಲಾ. ಇವ್ಳು ಮನೇಲಿ ಅರಾಮಾಗಿರ್ಲಿ” ಎಂದ ಭಾವ.

ಮದುವೆಯಾದಾಗಿನಿಂದ ನಮ್ಮಕ್ಕನನ್ನು ಚಳಿಯಲ್ಲೂ ನೀರಿಗೆ ಎಳೆದುಕೊಂಡು ಹೋಗುತ್ತಾನೆಂದು ನನಗೆ ಅವನ ಮೇಲೆ ಒಳಗೊಳಗೇ ಸಿಟ್ಟಿತ್ತು. ಆ ಮಾತಿಗೆ ಅರ್ಧ ಇಳಿಯಿತು. “ದೋಣಿ ನೋಡಕ್ಕೆ ನಾನೂ ಬತ್ತೀನಿ” ಎಂದಳು ಅಕ್ಕ, ಮುದ್ದೆ ಮುರಿಯುತ್ತಾ.

ಬೆಳಗ್ಗೆ ಮೂವರೂ ಕೆ.ಆರ್. ಪೇಟೆಗೆ ಬಂದು ಅಲ್ಲಿಂದ ಚಿನಕುರಳಿಗೆ ಬಸ್ಸು ಹತ್ತಿದೆವು. ಅಕ್ಕನಿಗೆ ಪುಕ್ಕಟೆ ಟಿಕೆಟ್ಟು. ಬಸ್ಸು ಪುಕ್ಕಟೆ ಅಂತಲೇ ಹೊರಟೆ ಅಲ್ಲವಾ ಎಂದು ನಾನು ರೇಗಿಸಿದರೂ ಅವಳು ನಗಲಿಲ್ಲ. ದಾರಿಯುದ್ದಕ್ಕೂ ಜಲ್ಲಿ ಲಾರಿಗಳ ಧೂಳು. ಚಿನಕುರಳಿಯಲ್ಲಿ ಚಿತ್ರಾನ್ನ, ಬೋಂಡ ತಿಂದು ಆಟೋ ಮಾಡಿಕೊಂಡು ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಇಳಿದೆವು.

ದೋಣಿ ಮಂಗಳೂರು ಕಡೆ ಸಮುದ್ರ ಕಂಡದ್ದು. ನೀಲಿ ಬಣ್ಣ ಸುಲಿದಿತ್ತು, ತಳ ಮಾತ್ರ ಗಟ್ಟಿಯಿತ್ತು. ನಾನು ಪ್ಲಗ್ಗು ಬಿಚ್ಚಿ ಉಜ್ಜಿದೆ, ಪೆಟ್ರೋಲಿಗೆ ಆಯಿಲ್ ಬೆರೆಸಿದೆ, ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಮೋಟಾರು ಕೂಗಿಕೊಂಡಿತು.

“ಎಕ್ಸಲೇಟ್ರು ಒಸಿ ಅಂಟ್ಕತದೆ. ನಿಲ್ಸೋ ಬಟನ್ನು ಕೆಟ್ಟೋಗಿದೆ. ಪೆಟ್ರೋಲ್ ಪೈಪ್ ಕಿತ್ಬುಡಿ, ನಿಂತ್ಕತದೆ” ಎಂದ ಮಾರುವ ಮುದುಕ. ಇದೇನು ಮಹಾ ಎಂದುಕೊಂಡು ತಲೆಯಾಡಿಸಿದೆ. ಭಾವ ದುಡ್ಡು ಎಣಿಸಿ ಕೊಟ್ಟ.

ಮಳೆ ಚೆನ್ನಾಗಿ ಆಗಿದ್ದರಿಂದ ಹಿನ್ನೀರು ಅಕ್ಕಿಹೆಬ್ಬಾಳಿನ ಕಡೆಯವರೆಗೂ ಹಬ್ಬಿತ್ತು. ನೀರಿನ ಮೇಲೆಯೇ ಹೋಗುವುದೆಂದು ಹೊರಟೆವು. ಹಿಂದೆ, ದೋಣಿ ತಿರುಗಿಸುವ ಮೋಟಾರಿನ ಹಿಡಿ ಹಿಡಿದು ಭಾವ, ನಡುವೆ ನಾನು, ಮುಂದೆ ಅಕ್ಕ. ಗಾಳಿಗೆ ಭಾವನ ಮುಖ ಅರಳಿತ್ತು. ದಂಡೆಗಳು ದೂರವಾದವು. ಅಷ್ಟರಲ್ಲಿ ಪಕ್ಕದಲ್ಲೇ ಯಾರದೋ ಕಿತ್ತುಹೋದ ಬಲೆ ತೇಲುವುದು ಕಂಡಿತು. ಭಾವ ಹಿಡಿ ಬಿಟ್ಟು, ಎದ್ದು, ಬಲೆಗೆ ಬಾಗಿದ.

ತೆಪ್ಪದಲ್ಲಿ ಹುಟ್ಟು ಕೆಳಗಿಟ್ಟರೆ ತೆಪ್ಪ ಸುಮ್ಮನೆ ನಿಲ್ಲುತ್ತದೆ. ಜೀವಮಾನವೆಲ್ಲ ಅವನು ಕಂಡದ್ದು ಅದನ್ನೇ. ಆದರೆ ಇದು ಮೋಟಾರಿನ ದೋಣಿ. ಹಿಡಿ ಬಿಟ್ಟದ್ದೇ ತಡ, ಎಕ್ಸಲೇಟರು ಅಂಟಿಕೊಂಡಿದ್ದ ದೋಣಿ ಗಕ್ಕನೆ ಒಂದು ಕಡೆಗೆ ತಿರುಗಿತು. ಭಾವ ನೀರಿಗೆ ಬಿದ್ದ. ಈಜಿಕೊಂಡು ಬರುತ್ತಾನೆ, ಮೀನು ಹಿಡಿಯುವವನಲ್ಲವೇ ಎಂದು ನಾನು ನಕ್ಕೆ ಕೂಡ. ತಲೆ ಒಮ್ಮೆ ಮೇಲೆ ಬಂತು, ಬಾಯಿ ತೆರೆಯಿತು, ಮತ್ತೆ ಮುಳುಗಿತು. ನಾನು ಏನೆಂದು ತಿಳಿಯುವ ಮೊದಲೇ ಅಕ್ಕ ಸೀರೆಯಲ್ಲೇ ಹಾರಿದ್ದಳು.

ದೋಣಿ ಸುತ್ತು ಹೊಡೆದು ಅವರಿಬ್ಬರ ಮೇಲೆಯೇ ಬರುತ್ತಿತ್ತು. ಹಿಂದೆ ನೀರೊಳಗೆ ಮೋಟಾರಿನ ಫ್ಯಾನು ತಿರುಗುತ್ತಿದೆ. ಪೈಪು ಕಿತ್ತೆ. ಮೋಟಾರು ನಿಲ್ಲಲಿಲ್ಲ! ಒಳಗೆ ಉಳಿದ ಪೆಟ್ರೋಲು ಮುಗಿಯುವವರೆಗೆ ಅದು ಓಡುತ್ತದೆಂದು ದಿನವೂ ಮೆಷಿನ್ನು ಬಿಚ್ಚುವ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ತಲೆ ಕೆಲಸ ಮಾಡಬೇಕಲ್ಲ. ಬರಿಗೈಯಲ್ಲಿ ಪ್ಲಗ್ಗಿನ ವೈರು ಹಿಡಿದು ಜಗ್ಗಿದೆ. ಭುಜದವರೆಗೂ ಕರೆಂಟು ಹೊಡೆಯಿತು. ಮೋಟಾರು ಕೆಮ್ಮಿ ನಿಂತಿತು. ದೋಣಿ ಅಕ್ಕನ ತಲೆಗೆ ಒಂದು ಮೊಳ ದೂರದಲ್ಲಿ ಜಾರಿಹೋಯಿತು. ಅವಳು ಭಾವನ ಕೂದಲನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಇಬ್ಬರನ್ನೂ ಎಳೆದುಕೊಂಡೆ. ಭಾವ ನೀರು ಕಕ್ಕಿದ. ನಾನು ಅಕ್ಕನ ಕಡೆ ತಿರುಗಿದೆ.

“ಭಾವಂಗೆ ಈಜು ಬರಾಕಿಲ್ವಾ?”

“ಇಲ್ಲ” ಎಂದಳು ಅಕ್ಕ, ಸೆರಗು ಹಿಂಡುತ್ತಾ.

“ನಿಂಗೆ ಯಾವಾಗಿಂದ ಗೊತ್ತು?”

“ಮದ್ವೆ ಆದ್ ವರ್ಸದಿಂದ. ಅದ್ಕೇ ಕಣ್ಲಾ ನಾನು ದಿನಾ ಜೊತೆಗೋಗದು. ಬರೀ ಉಟ್ಟು ಆಕಕ್ಕಾದ್ರೆ ಬ್ಯಾರೆ ಯಾರಾದ್ರೂ ಸಿಕ್ತಿದ್ರು.”

ಭಾವ ತಲೆ ಎತ್ತಲಿಲ್ಲ. “ನಮ್ಮಪ್ಪ ಮೀನ್ ಇಡಿಯೋದ್ ಕಲಿಸ್ದ. ಇದೊಂದ ಕಲಿಸ್ನಿಲ್ಲ” ಎಂದ. ಈ ಮನುಷ್ಯ ನಾಳೆಯಿಂದ ಒಬ್ಬನೇ ಇಷ್ಟು ನೀರಿಗೆ ಬರುವವನಿದ್ದ! ಅಕ್ಕನ ಸೋತ ಭುಜ ಕಂಡು ನನಗೆ ಅಳು ಬಂತು.

ಮತ್ತೆ ಮೋಟಾರು ಹೊತ್ತಿಸಿದಾಗ ಅಕ್ಕ ಭಾವನನ್ನು ನಡುವೆ ಕೂರಿಸಿ, ತಾನೇ ಎಡಗೈಯಲ್ಲಿ ಹಿಡಿ ಹಿಡಿದಳು. ಹೊಳೆಗಳು ಕೂಡುವ ಸಂಗಮ ದಾಟಿ ಅಕ್ಕಿಹೆಬ್ಬಾಳಿನ ಕೆಳಗೆ ದಡ ಮುಟ್ಟಿದೆವು.

ಮಾರನೆಯ ಬೆಳಗ್ಗೆ ಬಸ್ಸಿಗೆ ಹೊರಟವನು ಹೊಳೆಯ ಸೇತುವೆಯ ಮೇಲಿಂದ ಕೆಳಗೆ ನೋಡಿದೆ. ಸೊಂಟಕ್ಕೆ ಎರಡು ಖಾಲಿ ಕ್ಯಾನು ಕಟ್ಟಿಕೊಂಡು ಭಾವ ದಡದ ಹತ್ತಿರ ಮಗುವಿನ ಹಾಗೆ ಕಾಲು ಬಡಿಯುತ್ತಿದ್ದ. ಎದೆಮಟ್ಟದ ನೀರಿನಲ್ಲಿ ನಿಂತು ಅಕ್ಕ ಅವನ ಹೊಟ್ಟೆಗೆ ಕೈ ಕೊಟ್ಟಿದ್ದಳು.

“ಈಜು ಬರೋಗಂಟ ಮೋಟಾರ್ ಮುಟ್ಟಂಗಿಲ್ಲ! ಒದಿ ಕಾಲ! ಈಗ ಕೈ ಬುಡ್ತೀನಿ ನೋಡು.”

“ಬುಡ್ಬ್ಯಾಡ ಕಣೆ, ಬುಡ್ಬ್ಯಾಡ!”

ಬಸ್ಸು ಬಂದು ಹಾರನ್ನು ಹೊಡೆಯಿತು. ನಾನು ಸೇತುವೆಯ ಕಂಬಿ ಬಿಗಿಯಾಗಿ ಹಿಡಿದು ಅಲ್ಲೇ ನಿಂತೆ. ಅಕ್ಕ ಕೈ ಬಿಟ್ಟಳು.