ಎಡಕ್ಕೆ ಬೀಳುತ್ತಿದ್ದ ಡಿಸ್ಕ್

ಮೊನ್ನೆ ಉತ್ತರ ಪತ್ರಿಕೆಗಳ ಕಟ್ಟು ಇಡಲು ಸ್ಕೂಟರಿನ ಡಿಕ್ಕಿ ತೆಗೆದೆ. ಇಡೀ ದಿನ ಬಿಸಿಲಲ್ಲಿ ನಿಂತಿದ್ದ ಗಾಡಿ. ಕಾದ ಪ್ಲಾಸ್ಟಿಕ್ಕಿನ ವಾಸನೆ, ಅದರ ಜೊತೆ ತೆಳ್ಳಗೆ ನೋವಿನ ಮುಲಾಮಿನ ವಾಸನೆ ಮುಖಕ್ಕೆ ಹೊಡೆಯಿತು. ಅಡಿಯಲ್ಲಿ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ, ಎಸೆದು ಆಡುವ ತಟ್ಟೆಯಂಥ ಹಸಿರು ಡಿಸ್ಕ್ ಇತ್ತು. ಟವೆಲ್ಲು ನಮ್ಮ ಪಿ.ಟಿ. ಮೇಡಂ ಅವರದು. ಡಿಸ್ಕೂ ಅವರದೇ. ಅವರು ಹೋಗಿ ಎರಡು ವರ್ಷವಾಯಿತು. ಡಿಕ್ಕಿ ಹಾಗೇ ಮುಚ್ಚಿ, ಕಟ್ಟನ್ನು ಕಾಲ ಬಳಿ ಇಟ್ಟುಕೊಂಡು ಮನೆಗೆ ಬಂದೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ. ಅವರ ಬಗ್ಗೆ ಹೇಳಲು ಒಳ್ಳೆಯ ಸಂಗತಿಗಳು ಬೇಕಾದಷ್ಟಿವೆ. ಆದರೆ ಕೂತರೆ ನಿಂತರೆ ನನಗೆ ನೆನಪಾಗುವುದು ಒಂದೇ... ಅವರ ಬಲಗೈ ಸೋಲುತ್ತಿದ್ದಾಗ ನಾನು ಡಿಸ್ಕ್ ಸರಿಯಿಲ್ಲ ಎಂದೆ. ಅವರು ಅದನ್ನು ನಂಬಿದರು.

ನಮ್ಮದು ಸೋಮನಾಥಪುರದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲು. ನಾನು ಸೋಸಲೆಯವಳು, ಲೆಕ್ಕದ ಟೀಚರ್. ಅವರು ಚಿಕ್ಕಯ್ಯನಛತ್ರದ ಕಡೆಯವರು, ಮದುವೆಯಾಗಿ ನಂಜನಗೂಡು ಸೇರಿದವರು. ದಿನಾ ಬೆಳಿಗ್ಗೆ ನಂಜನಗೂಡಿನಿಂದ ನರಸೀಪುರದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ನನ್ನ ಸ್ಕೂಟರಿನ ಹಿಂದೆ ಕೂರುತ್ತಿದ್ದರು. ಕಾಲೇಜಿನಲ್ಲಿದ್ದಾಗ ಡಿಸ್ಕಸ್ ಎಸೆದು ಹೆಸರು ಮಾಡಿದ್ದ ತೋಳು ಅದು. ಶಾಲೆಯ ಹಿಂದಿನ ಬೋರ್‌ವೆಲ್ಲಿನ ಹ್ಯಾಂಡಲ್ಲನ್ನು ನಾನು ಜೋತುಬಿದ್ದು ಒತ್ತಬೇಕು. ಅವರು ಮಾತಾಡುತ್ತಾ ಒಂದೇ ಕೈಯಲ್ಲಿ ಒತ್ತಿ ಎರಡು ಬಿಂದಿಗೆ ತುಂಬಿಸಿಬಿಡುತ್ತಿದ್ದರು.

ಮೈಸೂರಿನಲ್ಲಿ ಯಾವುದೋ ತರಬೇತಿಗೆ ಹೋದವರು ಬರುವಾಗ ಒಂದು ಚೀಲ ತಂದರು. ಒಳಗೆ ಹನ್ನೊಂದು ಡಿಸ್ಕುಗಳು. ನಮ್ಮ ಹೆಡ್‌ಮಾಸ್ಟರು ನೋಡಿ, ಬಿಸಿಯೂಟದ ತಟ್ಟೆಗೆ ಮುಚ್ಚಳ ಬಂತೇನ್ರೀ ಎಂದು ಕೇಳಿದರು. ಡಿಸ್ಕ್ ಗಾಲ್ಫ್ ಎಂಬ ಆಟ ಇದೆ ಎಂದು ನಮಗೆಲ್ಲ ಗೊತ್ತಾದದ್ದೇ ಅವತ್ತು. ನಿಂತ ಜಾಗದಿಂದ ಡಿಸ್ಕ್ ಎಸೆಯಬೇಕು, ಬಿದ್ದ ಜಾಗಕ್ಕೆ ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು, ಕೊನೆಗೆ ದೂರದಲ್ಲಿ ನಿಲ್ಲಿಸಿರುವ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ. ಡಿಸ್ಕನ್ನು ತಡೆದು ಬುಟ್ಟಿಯೊಳಕ್ಕೆ ಇಳಿಸಲು ಸುತ್ತಲೂ ಸರಪಳಿ ನೇತುಬಿಟ್ಟಿರಬೇಕಂತೆ. ನಮಗೆ ಆ ಬುಟ್ಟಿ ಎಲ್ಲಿ ಸಿಗಬೇಕು? ಮೇಡಂ ನರಸೀಪುರದ ಸಂತೆಗೆ ಹೋಗಿ ದನ ಕಟ್ಟುವ ಸರಪಳಿ ತಂದರು. ಹಳೆಯ ಸೈಕಲ್ ರಿಮ್ಮುಗಳಿಗೆ ವೆಲ್ಡಿಂಗ್ ಮಾಡಿಸಿದರು. ಮೈದಾನದಲ್ಲಿ ಎರಡು, ಕೆರೆ ಏರಿಯ ಮೇಲೆ ಎರಡು, ಪಕ್ಕದ ತೆಂಗಿನ ತೋಟದಲ್ಲಿ ಎರಡು, ಹೀಗೆ ಆರು ಬುಟ್ಟಿ ನಿಂತವು. ತೋಟದವರು ಮೊದಲು ಗೊಣಗಿದರು, ಆಮೇಲೆ ಅವರೇ ಸಂಜೆ ಬಂದು ಎಸೆಯತೊಡಗಿದರು.

ನನಗೆ ಆಟಪಾಟ ಅಷ್ಟಕ್ಕಷ್ಟೆ. ಆದರೆ ಪ್ರತಿ ಡಿಸ್ಕಿನ ಮೇಲೂ ನಾಲ್ಕು ಅಂಕಿಗಳಿದ್ದವು. ಅಂಕಿ ಕಂಡರೆ ನಾನು ಬಿಡುವವಳಲ್ಲ. ಮೊಬೈಲಿನಲ್ಲಿ ಹುಡುಕಿ ಓದಿದೆ. ಮೊದಲನೆಯದು ವೇಗ, ಎರಡನೆಯದು ಗಾಳಿಯಲ್ಲಿ ಎಷ್ಟು ತೇಲುತ್ತದೆ ಎಂಬುದು. ಮೂರನೆಯದು, ಜೋರಾಗಿ ಹೋಗುವಾಗ ಎಷ್ಟು ಬಲಕ್ಕೆ ತಿರುಗುತ್ತದೆ ಎಂದು ಹೇಳುತ್ತದೆ; ನಾಲ್ಕನೆಯದು, ವೇಗ ಕುಗ್ಗಿದ ಮೇಲೆ ಎಷ್ಟು ಎಡಕ್ಕೆ ವಾಲಿ ಬೀಳುತ್ತದೆ ಎಂದು. ಬಲಗೈಯವರಿಗೆ ಈ ಲೆಕ್ಕ. ಅಂಚು ದಪ್ಪವಾಗಿ, ನಿಧಾನವಾಗಿ, ನೆಟ್ಟಗೆ ಹೋಗುವುದು ಪಟರ್, ಅದು ಬುಟ್ಟಿಯ ಹತ್ತಿರಕ್ಕೆ. ಅಂಚು ಚೂಪಾಗಿ ದೂರ ಹೋಗುವುದು ಡ್ರೈವರ್. ನಾನು ಒಂದು ನೋಟ್‌ಬುಕ್ ಇಟ್ಟೆ. ಯಾವ ಡಿಸ್ಕ್, ಎಷ್ಟು ಹೆಜ್ಜೆ ದೂರ, ಕೊನೆಗೆ ಯಾವ ಕಡೆಗೆ ಬಿತ್ತು, ಎಲ್ಲ ಬರೆದೆ.

ಮೇಡಂಗೆ ನನ್ನ ನೋಟ್‌ಬುಕ್ ಎಂದರೆ ತಮಾಷೆ. ತರಗತಿಯಲ್ಲಿ ಅಚ್ಚುಕಟ್ಟಾಗಿ ಮಾತಾಡುತ್ತಿದ್ದವರು ನನ್ನ ಹತ್ತಿರ ಮಾತ್ರ ತಮ್ಮೂರಿನ ಮಾತಿಗೆ ಇಳಿಯುತ್ತಿದ್ದರು. "ನಂಬರ್ ನೋಡ್ಬ್ಯಾಡಿ ಮೇಡಂ, ಎಸುದ್ ನೋಡಿ. ನಮ್ಮಪ್ಪ ಸಂತೇಲಿ ಎತ್ತ ತಗಳ್ಳೋವಾಗ ಅಲ್ಲು ಆಮೇಲ್ ನೋಡೋನು, ಮೊದ್ಲು ಒಂದ್ ಸುತ್ತು ನಡ್ಸೋನು" ಎನ್ನುತ್ತಿದ್ದರು. ಅವರಪ್ಪ ಬೇರೆಯವರ ಗದ್ದೆಯಲ್ಲಿ ದುಡಿದು ಕೊನೆಗೆ ಒಂದು ಜೊತೆ ಎತ್ತು ಕಟ್ಟಿದವರಂತೆ. ಮಗಳು ಡಿಸ್ಕುಗಳನ್ನೂ ಹಾಗೇ ಆರಿಸಿದರು. ಹನ್ನೊಂದನ್ನೂ ಒಂದು ವಾರ ಎಸೆದು, ಒಂದೊಂದರ ಬುದ್ಧಿ ತಿಳಿದುಕೊಂಡರು. ಬಿಳಿ ಪಟರು ಮನೆ ಹಸು, ಬಿಟ್ಟ ಕಡೆ ನಿಲ್ಲುತ್ತದೆ. ಹಸಿರು ಡ್ರೈವರು ಹೋರಿ, ಬಲವಿಲ್ಲದವರ ಕೈಗೆ ಬಗ್ಗುವುದಿಲ್ಲ. ಮೆಲ್ಲಗೆ ಎಸೆದರೆ ಅರ್ಧ ದಾರಿಯಲ್ಲೇ ಮುನಿಸಿಕೊಂಡು ಎಡಕ್ಕೆ ಬೀಳುತ್ತದೆ. ನಾನು ಎಸೆದರೆ ಯಾವಾಗಲೂ ಹಾಗೇ ಬೀಳುತ್ತಿತ್ತು. ಅವರ ಕೈಯಿಂದ ಹೊರಟರೆ ಮಾತ್ರ ಅದು ಕೆರೆ ಏರಿಯುದ್ದಕ್ಕೂ ನೆಟ್ಟಗೆ ಹೋಗಿ, ಎಂಬತ್ತು ಹೆಜ್ಜೆ ದಾಟಿದ ಮೇಲೆ ಒಂದಿಷ್ಟು ಎಡಕ್ಕೆ ವಾಲಿ ಕೂರುತ್ತಿತ್ತು. ಅದನ್ನು ನೋಡಲು ಪಕ್ಕದ ನಾಲೆಯ ದಡದಲ್ಲಿ ಹೋಗುವವರೂ ನಿಲ್ಲುತ್ತಿದ್ದರು.

ಒಂದೂವರೆ ವರ್ಷ ಹೀಗೇ ನಡೆಯಿತು. ಡಿಸ್ಕುಗಳು ಕಲ್ಲಿಗೆ ತಾಗಿ, ತೆಂಗಿನ ಬೊಡ್ಡೆಗೆ ಹೊಡೆದು ಅಂಚು ಸವೆದವು. ಸವೆದ ಡಿಸ್ಕಿನ ಹಾರಾಟ ಬದಲಾಗುತ್ತದೆ. ಅದರ ಎಡದ ಹಟ ಕರಗಿ ಅದು ಬಲಕ್ಕೆ ಎಳೆಯತೊಡಗುತ್ತದೆ. ಇದನ್ನು ನಾನೇ ಎಂಟನೇ ತರಗತಿಯ ಹುಡುಗಿಯರಿಗೆ ಬೋರ್ಡಿನ ಮೇಲೆ ಗೆರೆ ಎಳೆದು ವಿವರಿಸಿದ್ದೆ. ಹಳೆಯದಾದರೆ ಬಲಕ್ಕೆ, ಕೈಯಲ್ಲಿ ಬಲವಿಲ್ಲದಿದ್ದರೆ ಎಡಕ್ಕೆ. ಎಷ್ಟು ಸುಲಭದ ಪಾಠ...

ಎರಡನೆಯ ವರ್ಷ ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಹಸಿರು ಡ್ರೈವರ್ ಎಂಬತ್ತು ಮುಟ್ಟಲಿಲ್ಲ. ಎಪ್ಪತ್ತಕ್ಕೆ ಇಳಿಯಿತು, ಆಮೇಲೆ ಅರವತ್ತಕ್ಕೆ. ಏರಿಯ ಮೇಲಿಂದ ಎಡಕ್ಕೆ ವಾಲಿ ಕೆಳಗಿನ ಗದ್ದೆಗೆ ಹೋಗಿ ಬೀಳುತ್ತಿತ್ತು. ಮೇಡಂ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ತರುತ್ತಿದ್ದರು. ಸ್ಕೂಟರಿನ ಹಿಂದೆ ಕೂತಾಗ ಮುಲಾಮಿನ ವಾಸನೆ ಬರುತ್ತಿತ್ತು. ನಾನು ಕೇಳಿದರೆ, ಬಸ್ಸಲ್ಲಿ ಕಂಬಿ ಹಿಡಿದು ನಿಂತು ನಿಂತು ಹೆಗಲು ಹಿಡಿದಿದೆ ಎನ್ನುತ್ತಿದ್ದರು. ನಾನು ಒಪ್ಪಿಕೊಂಡೆ. ನಂಜನಗೂಡಿನ ಬಸ್ಸಿನಲ್ಲಿ ಯಾರಿಗೆ ಹೆಗಲು ಹಿಡಿಯುವುದಿಲ್ಲ?

ಒಂದು ಸಂಜೆ ಸತತ ಐದು ಸಲ ಡಿಸ್ಕ್ ಗದ್ದೆಗೆ ಬಿತ್ತು. ಅವರು ಏರಿಯ ಕಲ್ಲಿನ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ನೀವಿಕೊಳ್ಳುತ್ತಾ, "ನನ್ ಕೈಯೇ ಯಾಕೋ ಸೋತದೆ ಕಣ್ ಮೇಡಂ. ಒಂದಪ ಡಾಕ್ಟ್ರ ತಾವ ತೋರ್ಸ್ಬೇಕು" ಎಂದರು.

ನಾನು ನೋಟ್‌ಬುಕ್ ತೆಗೆದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನೋಟ್‌ಬುಕ್ ತೆಗೆದು, ಗತ್ತಿನಿಂದ ಹಾಳೆ ತಿರುವಿ, ದೂರ ಕಡಿಮೆಯಾಗುತ್ತಾ ಬಂದಿರುವುದನ್ನು ಬೆರಳಿಟ್ಟು ತೋರಿಸಿದೆ. "ಕೈ ಅಲ್ಲ ಮೇಡಂ, ಡಿಸ್ಕೇ ಸವೆದುಹೋಗಿದೆ. ಅಂಚು ನೋಡಿ ಹೇಗಾಗಿದೆ. ಹಳೇ ಡಿಸ್ಕು ಹಾರಾಟ ಬದಲಾಯಿಸುತ್ತೆ" ಎಂದೆ.

ಅವರು ನಕ್ಕು, "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ, ಅಂಗಾಯ್ತದೆ ಬುಡಿ" ಎಂದರು. ನಾನು ಬಿಡಲಿಲ್ಲ. ವಾದದಲ್ಲಿ ಸೋಲುವುದು ನನಗೆ ಹುಟ್ಟಿನಿಂದ ಬಂದದ್ದಲ್ಲ. ಹತ್ತು ನಿಮಿಷ ವಿವರಿಸಿದೆ. ಹಳೆಯ ಡಿಸ್ಕು ಹಾರಾಟ ಬದಲಾಯಿಸುತ್ತದೆ ಎಂಬುದು ನಿಜ. ಯಾವ ಕಡೆಗೆ ಎಂದು ಮಾತ್ರ ನಾನು ಕೇಳಿಕೊಳ್ಳಲಿಲ್ಲ. ಅವರು ಡಿಸ್ಕನ್ನು ತಿರುಗಿಸಿ ತಿರುಗಿಸಿ ನೋಡಿ, ಸವೆದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಓ, ಅಂಗಾ..." ಎಂದರು. ಅವರ ಮುಖ ಹಗುರಾಯಿತು. ಅದನ್ನು ನಾನು ನೋಡಿದೆ, ನೋಡಿ ಖುಷಿಪಟ್ಟೆ.

ಮುಂದಿನ ವಾರ ಮೊಬೈಲಿನಲ್ಲೇ ಹುಡುಕಿ ಹೊಸ ಡ್ರೈವರ್ ತರಿಸಿಕೊಟ್ಟೆ. ಹಳದಿ ಬಣ್ಣದ್ದು, ತೂಕ ಕಡಿಮೆ, ಬಲಕ್ಕೆ ತಿರುಗುವ ಗುಣ ಜಾಸ್ತಿ. ಮೆಲ್ಲಗೆ ಎಸೆದರೂ ನೆಟ್ಟಗೆ ಹೋಗುವಂಥದ್ದು. ಅಂಥ ಡಿಸ್ಕ್ ತಯಾರಿಸುವುದೇ ಬಲವಿಲ್ಲದ ಕೈಗಳಿಗೆಂದು. ಮೇಡಂ ಎಸೆದರು. ಎಷ್ಟು ಚೆನ್ನಾಗಿ ಹೋಯಿತೆಂದರೆ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಅರವತ್ತೆಂಟು ಹೆಜ್ಜೆ, ನೇರ. ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಮೂರು ತಿಂಗಳು ನಾವು ಆ ಹಳದಿ ಡಿಸ್ಕಿನ ಸಂತೋಷದಲ್ಲಿ ಕಳೆದೆವು. ಹಸಿರನ್ನು ಅವರು ತಮ್ಮ ಟವೆಲ್ಲಿನಲ್ಲಿ ಸುತ್ತಿ, ನಿಮ್ಮ ಹತ್ತಿರವೇ ಇರಲಿ ಎಂದು ನನ್ನ ಡಿಕ್ಕಿಗೆ ಹಾಕಿದರು.

ಫೆಬ್ರವರಿಯಲ್ಲಿ ಒಂದು ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವರ ಕೈಯಿಂದ ವಿಷಲ್ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಜಾರಿತು. ಮೂರನೆಯ ಸಲ ಎಡಗೈಯಲ್ಲಿ ಎತ್ತಿಕೊಂಡರು. ಆ ವಾರವೇ ಅವರ ಯಜಮಾನರು ಮೈಸೂರಿಗೆ ಕರೆದುಕೊಂಡು ಹೋದರು. ಕತ್ತಿನ ಬುಡದಲ್ಲಿ, ತೋಳಿಗೆ ನರ ಇಳಿಯುವ ಕಡೆ ಗಡ್ಡೆ. ಅದು ಆಗಲೇ ಎದೆಗೆ ಹಬ್ಬಿತ್ತು. ಮೂರು ತಿಂಗಳು ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದು ಡಾಕ್ಟರು ಹೇಳಿದರಂತೆ. ಯಜಮಾನರು ಫೋನಿನಲ್ಲಿ ಅದನ್ನು ಹೇಳಿದಾಗ ನಾನು ಬೆರಳು ಮಡಿಚಿ ತಿಂಗಳು ಎಣಿಸಿದೆ. ಲೆಕ್ಕ ತಪ್ಪಲಿಲ್ಲ, ಏರಿಯ ಮೇಲಿನ ಆ ಸಂಜೆಗೇ ಹೋಗಿ ನಿಂತಿತು.

ಮನೆಗೆ ಬಂದು ನೋಟ್‌ಬುಕ್ ತೆರೆದೆ. ದೂರದ ಪಕ್ಕದ ಸಾಲಿನಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಎಡ, ಎಡ, ಎಡ ಎಂದು ಪುಟದ ತುದಿಯವರೆಗೂ ಇತ್ತು. ಒಂದೇ ಒಂದು ಕಡೆಯೂ ಬಲ ಎಂದಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಾನು ತಿಂಗಳುಗಟ್ಟಲೆ ಬರೆದಿದ್ದೆ, ಬರೆದದ್ದನ್ನು ಓದಿರಲಿಲ್ಲ.

ಆಷಾಢದಲ್ಲಿ ನಂಜನಗೂಡಿನ ಅವರ ಮನೆಗೆ ಹೋದೆ. ಕಪಿಲೆ ತುಂಬಿ ಹರಿಯುತ್ತಿದ್ದಳು. ಸ್ನಾನಘಟ್ಟದ ಮೆಟ್ಟಿಲುಗಳು ಅರ್ಧ ಮುಳುಗಿದ್ದವು. ಮೇಡಂ ಗೋಡೆಯ ಮೇಲಿದ್ದ ಬುದ್ಧನ ಪಟದ ಕೆಳಗೆ ಮಂಚದ ಮೇಲೆ ಮಲಗಿದ್ದರು. ಆ ತೋಳು ನನ್ನ ತೋಳಿಗಿಂತ ತೆಳ್ಳಗಾಗಿತ್ತು. ಶಾಲೆಯ ಸುದ್ದಿ ಕೇಳಿದರು. ಬುಟ್ಟಿಯ ಸರಪಳಿಗೆ ಎಣ್ಣೆ ಹಾಕಿಸಿ, ಮಳೆಗೆ ತುಕ್ಕು ಹಿಡಿಯುತ್ತದೆ ಎಂದರು. ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದು, ಡಿಸ್ಕ್ ಎಡಕ್ಕೆ ಬೀಳುತ್ತಿತ್ತು, ನನಗೆ ಗೊತ್ತಾಗಬೇಕಿತ್ತು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಎಡಗೈಯಿಂದ ಹೊದಿಕೆ ಸರಿಪಡಿಸಿಕೊಂಡರು. ಆಮೇಲೆ ಮೆಲ್ಲಗೆ, "ಮಾರ್ನೆ ದಿನ ಆಸ್ಪತ್ರೆಗ್ ಓಗಣ ಅಂತ ರಜ ಚೀಟಿ ಬರ್ದು ಬ್ಯಾಗಲ್ ಇಟ್ಕಂಡಿದ್ದೆ ಮೇಡಂ. ನೀವ್ ಅಂಗಂದ್ರಲ್ಲ... ಅರ್ದಾಕ್ಬುಟ್ಟೆ" ಎಂದರು. ನಾನು ಯಾಕೆ ಎಂದೆ. ಯಾಕೆ ಎಂದು ಕೇಳಲು ನನಗೆ ಬಾಯಾದರೂ ಹೇಗೆ ಬಂತೋ.

"ಲೆಕ್ಕದ್ ಮೇಡಂ ಯೋಳದ್ಮೇಲೆ ಸರಿಯಾಗೇ ಇರ್ತದೆ ಅನ್ಕಂಡೆ" ಎಂದರು.

ಅದರಲ್ಲಿ ಬೈಗುಳ ಇರಲಿಲ್ಲ, ಕೊಂಕು ಇರಲಿಲ್ಲ. ನನ್ನ ಅಂಕಿಗಳನ್ನು ಆಡಿಕೊಳ್ಳುತ್ತಿದ್ದವರು ಒಂದೇ ಒಂದು ಸಲ ಅವನ್ನು ನಂಬಿದ್ದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಎಡಗೈ ಚಾಚಿ ನನ್ನ ಕೈ ಹಿಡಿದುಕೊಂಡರು. ನಾನು ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಕೂತಿದ್ದೆ. ಶ್ರಾವಣ ಮುಗಿಯುವ ಮೊದಲೇ ಅವರು ಹೋದರು.

ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಆಟದ ಪೀರಿಯಡ್ಡು ನನ್ನ ತಲೆಗೆ ಬಿದ್ದಿದೆ. ನನಗೆ ಬರುವುದು ಅಷ್ಟರಲ್ಲೇ ಇದೆ, ಆದರೂ ಬುಟ್ಟಿಗಳು ನಿಂತಿವೆ, ಹುಡುಗಿಯರು ಎಸೆಯುತ್ತಾರೆ. ಪರೀಕ್ಷೆಗೆ ಮುಂಚೆ ಒಂದು ಸಂಜೆ ಒಂಬತ್ತನೇ ತರಗತಿಯವಳೊಬ್ಬಳು ಗದ್ದೆಯಿಂದ ಕೆಸರಾಗಿ ಬಂದು, "ಮಿಸ್, ಈ ಡಿಸ್ಕ್ ಸರಿಯಿಲ್ಲ ಮಿಸ್, ಬರೀ ಎಡಕ್ಕೇ ಓಯ್ತದೆ" ಎಂದಳು. ನಾನು ಡಿಸ್ಕ್ ಮುಟ್ಟಲಿಲ್ಲ. ಅವಳ ಕೈ ಹಿಡಿದು ಬೆರಳು ಮಡಿಚಿಸಿದೆ, ನನ್ನ ಬೆರಳನ್ನು ಗಟ್ಟಿಯಾಗಿ ಹಿಸುಕು ಎಂದೆ, ಹೆಗಲು ಒತ್ತಿ ನೋಯುತ್ತದೆಯೇ ಎಂದು ಕೇಳಿದೆ, ಕತ್ತು ಮುಟ್ಟಿ ನೋಡಿದೆ. ಅವಳು ಕಚಗುಳಿಯಾಗಿ ನಕ್ಕು ಹಿಂದಕ್ಕೆ ಸರಿದಳು.

"ನಂಗೇನಾಗಿಲ್ಲ ಮಿಸ್, ಎಸಿಯಕ್ ಬರಕಿಲ್ಲ ಅಷ್ಟೆ" ಎಂದು ಓಡಿಹೋದಳು.

ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ನಾನು ಏರಿಯ ಮೇಲೆ ಕೂತು ಅತ್ತೆ. ಮೇಡಂ ಇಲ್ಲೇ ಕೈ ನೀವಿಕೊಳ್ಳುತ್ತಾ ಕೂತಿದ್ದ ಆ ಸಂಜೆ ನಾನು ಮಾಡಬೇಕಾಗಿದ್ದದ್ದು ಇಷ್ಟೇ.