ಈ ಸಲ ಮುಖವೂ ಬೇಕು

ಗುಂಡ್ಲುಪೇಟೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ, ಸತ್ತುಹೋದ ಹೆಂಗಸೊಬ್ಬಳ ಸೀರೆ ಉಟ್ಟು ಅವಳ ಮಕ್ಕಳ ನಡುವೆ ಕುಳಿತಿದ್ದೆ. ಆಕೆಯನ್ನು ನಾನು ಕಂಡವಳಲ್ಲ. ಹೆಸರು ಪುಟ್ಟಮ್ಮ, ಊರು ಹರದನಹಳ್ಳಿ ಎಂಬುದಷ್ಟೇ ಗೊತ್ತು.

ನಡೆದದ್ದು ಹೀಗೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಫೋಟೋ ಸ್ಟುಡಿಯೋಗೆ ಒಂದು ಬೆಳಿಗ್ಗೆ ಪುಟ್ಟಮ್ಮನ ಮಗ ಮಹದೇವಸ್ವಾಮಿ ತನ್ನ ಹೆಂಡತಿ, ಅಕ್ಕ, ಭಾವ ಎಲ್ಲರನ್ನೂ ಕರೆದುಕೊಂಡು ಬಂದ. ಸ್ಟುಡಿಯೋದ ಮಾಲೀಕರು ಮಲ್ಲಣ್ಣ, ಅರವತ್ತರ ಹತ್ತಿರದವರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕ್ಯಾಮೆರಾದ ಹಿಂದಿನಿಂದಲೇ ಕೇಳಿದರು: “ಯಾರಾರ ಸೇರ್ಬೇಕಾ?”

“ನಮ್ಮವ್ವ ಸೇರ್ಬೇಕು ಕಣಣ್ಣ,” ಎಂದ ಮಹದೇವಸ್ವಾಮಿ, ಜೇಬಿನಿಂದ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತ.

ಯಾರೂ ಹೇಳದೆಯೇ ಎಲ್ಲರೂ ಸರಿದು ನಡುವೆ ಒಂದಾಳಿನ ಜಾಗ ಬಿಟ್ಟರು.

“ಇನ್ನೊಸಿ ಬುಡ್ಲಾ, ಅವ್ವ ದಪ್ಪ ಇದ್ಲು,” ಎಂದಳು ಅಕ್ಕ.

“ನಿನ್ನಷ್ಟಿರ್ಲಿಲ್ಲ ಬುಡು,” ಎಂದ ಮಹದೇವಸ್ವಾಮಿ.

“ಮಂಡಿನೋವು ಅವ್ಳಿಗೆ, ನಿಲ್ಲುಸ್ಬ್ಯಾಡಿ ಅಣ್ಣ. ಒಂದ್ ಕುರ್ಚಿ ಆಕ್ಬುಡಿ.”

ಕುರ್ಚಿ ಬಂತು. ಆದರೆ ಪಾಸ್‌ಪೋರ್ಟ್ ಫೋಟೋದಲ್ಲಿ ಇರುವುದು ಭುಜದಿಂದ ಮೇಲಷ್ಟೇ. ಕುರ್ಚಿಯಲ್ಲಿ ಕೂರಲು ಮಡಿಲು ಬೇಕು, ಕೈ ಬೇಕು, ಪಾದ ಬೇಕು. ಮಲ್ಲಣ್ಣ ನನ್ನ ಕಡೆ ತಿರುಗಿದರು. “ನೀಲಕ್ಕ, ನೀವೊಸಿ ಕೂತ್ಕಳಿ. ವಯಸ್ಸೂ ಸರೋಯ್ತದೆ, ಮೈಯೂ ಸರೋಯ್ತದೆ. ಮುಖ ಬ್ಯಾಡ, ಅದು ಫೋಟೋದಲ್ಲೇ ಅದೆ.”

ಪುಟ್ಟಮ್ಮನ ಮಗಳು ಚೀಲದಿಂದ ಅವ್ವನ ಸೀರೆ ತೆಗೆದುಕೊಟ್ಟಳು. ಉಟ್ಟುಕೊಂಡು ಬಂದಾಗ ಮೆಲ್ಲಗೆ, “ಅಪ್ಪ ತೀರ್ಕಂಡ್ಮೇಲೆ ಅವ್ವ ಬಳೆ ತೊಡ್ತಿರ್ಲಿಲ್ಲ” ಎಂದಳು. ನನ್ನ ಎರಡೂ ಕೈಯಲ್ಲಿ ಹಸಿರು ಬಳೆ. ನನಗೆ ಗೊತ್ತಿಲ್ಲದೆ ಕೈ ಹಿಂದಕ್ಕೆ ಹೋಯಿತು. ಮಲ್ಲಣ್ಣನಿಗೆ ಅರ್ಥವಾಯಿತು. “ನೀವು ತೆಗೀಬ್ಯಾಡಿ ಅಕ್ಕ, ಕಂಪ್ಯೂಟರ್‌ನಲ್ಲೇ ತೆಗಿಯನ.” ಆ ಮಧ್ಯಾಹ್ನ ಮೌಸ್ ಹಿಡಿದು ನನ್ನ ಬಳೆಗಳನ್ನು ನಾನೇ ಒಂದೊಂದಾಗಿ ಅಳಿಸಿದೆ. ಊರಿಗೆ ಫೋನ್ ಮಾಡಿದಾಗ ಇದನ್ನು ಹೇಳಲಿಲ್ಲ.

ಊರೆಂದರೆ ಗುಳೇದಗುಡ್ಡ, ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರ ಊರು. ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಕುಳಿತು ವರ್ಷಾನುಗಟ್ಟಲೆ ಮದುವೆ ಕಾರ್ಡು ಮಾಡಿದವಳು ನಾನು. ನಮ್ಮವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಮಗಳ ಮದುವೆ ಮುಗಿದ ಮರುವರ್ಷ ಅವರಿಗೆ ಇಲ್ಲಿಗೆ ವರ್ಗವಾಯಿತು. ಈಗ ಮೂರು ವರ್ಷ. ಅವರು ಬೆಳಿಗ್ಗೆ ಬೈಕ್ ಹತ್ತಿ ಹಂಗಳದ ಕಡೆಯ ಹಳ್ಳಿಗಳಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಊಟಿ ರಸ್ತೆಗೆ ಒಂದು ಓಣಿ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ದಿನವೆಲ್ಲ ಕಾರುಗಳ ಸದ್ದು ಕೇಳುತ್ತದೆ. ನಮ್ಮ ಬಾಗಿಲಿಗೆ ಬರುವ ಗಾಡಿ ಒಂದೂ ಇಲ್ಲ. ಗುಳೇದಗುಡ್ಡದಲ್ಲಿ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡಲು ಕೂತರೆ ನಾಲ್ಕು ಜನ ಬಂದು ಮೊರಕ್ಕೆ ಕೈ ಹಾಕುತ್ತಿದ್ದರು. ಇಲ್ಲಿ ಒಳಗೆ ಕೂತು ಹಸನು ಮಾಡುತ್ತೇನೆ.

ಜನ ಕೆಟ್ಟವರಲ್ಲ. ಎದುರು ಸಿಕ್ಕವರೆಲ್ಲ “ಊಟ ಆಯ್ತಾ ಅಕ್ಕ?” ಎನ್ನುತ್ತಾರೆ. ಮೊದಮೊದಲು ನಾನು ನಿಂತು, ಏನು ಪಲ್ಯ ಮಾಡಿದ್ದೆ ಎಂಬುದರಿಂದ ಶುರುಮಾಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಕೇಳಿದವರು ನಾಲ್ಕು ಮನೆ ದಾಟಿರುತ್ತಿದ್ದರು. ಸೊಪ್ಪು ಮಾರುವಾಕೆ ನನ್ನ ಮಾತು ಕೇಳಿ, “ನೀವು ಯಾವ್ ದೇಸ್ದವ್ರವ್ವ?” ಎಂದು ಕೇಳಿದಳು. ಕನ್ನಡದವಳೇ ಎಂದೆ. “ಇರ್ಲಿ ಬುಡಿ,” ಎಂದು ಸಮಾಧಾನ ಹೇಳಿದಳು. ಚೆಂಡು ಹೂವಿನ ಹೊಲ ನೋಡಲು ಬರುವ ಕೇರಳದವರು ಸ್ಟುಡಿಯೋಗೆ ನುಗ್ಗಿ “ಚೇಚಿ” ಎಂದು ಕರೆಯುತ್ತಾರೆ. ಅವರ ಮಾತಿನಲ್ಲಿ ಅಕ್ಕ ಎಂದು. ನನ್ನ ಕನ್ನಡಕ್ಕೆ ನಗದವರು ಅವರು ಮಾತ್ರ.

ಊಟಕ್ಕೆ ಉಪ್ಸಾರು ಕಲಿತೆ. ಬೇಳೆ ಸೊಪ್ಪು ಬೇಯಿಸಿ, ಬಸಿದ ನೀರಿಗೆ ಉಪ್ಪು ಹಾಕುತ್ತಾರೆ. ಖಾರ ಬೇರೆ ಅರೆದು ತಟ್ಟೆಯ ಅಂಚಿಗೆ ಇಡುತ್ತಾರೆ, ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳುವುದು. ನಮ್ಮಲ್ಲಿ ಖಾರವನ್ನು ಯಾರು ಕೇಳಿ ಹಾಕುತ್ತಾರೆ? ಬಿಳಿಜೋಳ ಹುಡುಕಿ ಸಂತೆಮರಹಳ್ಳಿ ಸಂತೆಗೆ ಬಸ್ಸಿನಲ್ಲಿ ಹೋಗಿ ತಂದೆ. ಮಿಲ್ಲಿನಲ್ಲಿ ನನಗಿಂತ ಮುಂಚೆ ರಾಗಿ ಬೀಸಿದ್ದರು. ಅದರ ಉಳಿಕೆ ಸೇರಿ ರೊಟ್ಟಿ ಕಂದಾಯಿತು. ನಮ್ಮವರು ಮುರಿದು ನೋಡಿ, “ರೊಟ್ಟಿನೂ ಈ ಊರಿಂದಾತಲ್ಲ,” ಎಂದರು. ಇಬ್ಬರೂ ನಕ್ಕೆವು. ಅವರು ಊಟ ಮುಗಿಸಿ ಮಲಗಿದ ಮೇಲೆ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತ ಅದೇಕೋ ಅಳು ಬಂತು.

ಸ್ಟುಡಿಯೋದಲ್ಲಿ ನನ್ನ ಕೆಲಸ ಸೇರಿಸುವುದು. ಬೇರೆ ಬೇರೆ ಫೋಟೋಗಳಲ್ಲಿ ಇರುವವರನ್ನು ಕಂಪ್ಯೂಟರ್‌ನಲ್ಲಿ ಕತ್ತರಿಸಿ ಒಂದೇ ಪಟದಲ್ಲಿ ಕೂಡಿಸುವುದು. ನಮ್ಮ ಕಡೆ ಸತ್ತವರಿಗೆ ಅವರದೇ ಒಂದು ಫ್ರೇಮು, ಒಬ್ಬರೇ. ಇಲ್ಲಿ ಅವರನ್ನು ಒಂಟಿಯಾಗಿ ಬಿಡುವುದಿಲ್ಲ. ಮೊದಲು ಕೂದಲಂಚನ್ನು ನಾಜೂಕಾಗಿ ಬಿಡಿಸಬೇಕು, ಕತ್ತಿನ ಬಣ್ಣಕ್ಕೆ ಮೈಬಣ್ಣ ಹೊಂದಿಸಬೇಕು, ಬೆಳಕು ಯಾವ ಕಡೆಯಿಂದ ಬಿದ್ದಿದೆ ನೋಡಿ ಎಲ್ಲರ ನೆರಳನ್ನೂ ಒಂದೇ ಕಡೆ ಚೆಲ್ಲಬೇಕು. “ನೆರಳ್ ಮರ್ತ್ರೆ ಅವ್ವ ಆಗಲ್ಲ, ದೆವ್ವ ಆಯ್ತಳೆ ಕಣಕ್ಕ,” ಎನ್ನುತ್ತಾರೆ ಮಲ್ಲಣ್ಣ. ಹಾಗೆ ಮಡಿಲು ಬೇಕಾದಾಗೆಲ್ಲ ಕುರ್ಚಿಯಲ್ಲಿ ನಾನೇ ಕೂತೆ. ಈ ತಾಲ್ಲೂಕಿನ ಎಷ್ಟು ಮನೆಗಳ ಗೋಡೆಯ ಮೇಲೆ ನನ್ನ ಕೈಕಾಲು ಇವೆಯೋ, ನಾನು ಲೆಕ್ಕ ಇಟ್ಟಿಲ್ಲ.

ಮಹಾಲಯ ಅಮಾವಾಸ್ಯೆಗೆ ಮಹದೇವಸ್ವಾಮಿ ನಮ್ಮಿಬ್ಬರನ್ನೂ ಹರದನಹಳ್ಳಿಗೆ ಊಟಕ್ಕೆ ಕರೆದ. ನಡುಮನೆಯಲ್ಲಿ ಆ ಪಟ ಇತ್ತು, ಹೂವಿನ ಹಾರ ಹಾಕಿ. ಮುಂದೆ ಎಡೆ ಇಟ್ಟಿದ್ದರು. ಎಡೆಯೆಂದರೆ ಹಿರಿಯರಿಗೆಂದು ಎಲೆಯ ಮೇಲೆ ಬಡಿಸಿಡುವ ಊಟ. ಕಜ್ಜಾಯ, ಪಾಯಸ, ಪುಟ್ಟಮ್ಮನಿಗೆ ಇಷ್ಟವಾದ ಅವರೆಕಾಳು, ಎಲ್ಲವೂ ನನ್ನ ಮಡಿಲಿನ ಎದುರಿಗೆ. ಆಗ ಕಣ್ಣಿಗೆ ಬಿತ್ತು: ಬಳೆ ಅಳಿಸುವ ಗಡಿಬಿಡಿಯಲ್ಲಿ ಬಲಗೈ ಮಣಿಕಟ್ಟಿನ ಸುಟ್ಟ ಕಲೆಯನ್ನು ಹಾಗೇ ಬಿಟ್ಟಿದ್ದೆ. ಹನ್ನೆರಡು ವರ್ಷದವಳಿದ್ದಾಗ ಅವ್ವನ ಪಕ್ಕ ರೊಟ್ಟಿ ಬಡಿಯುತ್ತ ಹಂಚಿಗೆ ತಾಗಿಸಿಕೊಂಡ ಕಲೆ ಅದು.

ನೆರೆಮನೆಯ ಹೆಂಗಸೊಬ್ಬಳು ಅದನ್ನೇ ಕೇಳಿದಳು. “ಪುಟ್ಟಮ್ಮನ್ ಕೈಲಿ ಈ ಕಲೆ ಯಾವಾಗ್ ಆಯ್ತ್ಲಾ?”

“ಇತ್ತು ಕಣಕ್ಕ,” ಎಂದ ಮಹದೇವಸ್ವಾಮಿ, ತಡವರಿಸದೆ. “ಮುದ್ದೆ ತಿರುವುವಾಗ ಸುಟ್ಕಂಡಿದ್ಲು. ನಾನೇ ಜೇನುತುಪ್ಪ ಅಚ್ಚಿದ್ದೆ.”

ನಾನು ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡು ಊಟಕ್ಕೆ ಕುಳಿತೆ.

ಈ ಮಳೆಗಾಲದಲ್ಲಿ ಊರಿನಿಂದ ಫೋನ್ ಬಂತು. ತಮ್ಮ ಬಸವರಾಜನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಎಲ್ಲ ಮಕ್ಕಳೂ ಕೂಡಿ ಒಂದು ಫೋಟೋ ತೆಗೆಸಿ ಗೋಡೆಗೆ ಹಾಕಬೇಕು ಎಂಬುದು ಎಂಬತ್ತು ದಾಟಿದ ಅವ್ವನ ಆಸೆ. ಅವಳು ಕೇಳಿದ್ದು ಅದೊಂದೇ. ನಾನು ಟಿಕೆಟ್ ಮಾಡಿಸಿದ್ದೆ. ಹೊರಡುವ ಎರಡು ದಿನ ಮುಂಚೆ ಹಂಗಳದಲ್ಲಿ ಒಂದು ಹಸು ನಮ್ಮವರ ಕಾಲಿಗೆ ಒದೆಯಿತು. ಮೂಳೆ ಬಿರುಕು ಬಿಟ್ಟು ಪ್ಲಾಸ್ಟರ್ ಹಾಕಬೇಕಾಯಿತು. ಬಿಟ್ಟು ಹೋಗುವಂತಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿ ಹೇಳಿದೆ: ಅವ್ವನ ಪಕ್ಕ ಒಂದಾಳಿನ ಜಾಗ ಬಿಟ್ಟು ಫೋಟೋ ತೆಗೆಸು, ನಾನು ಇಲ್ಲಿಂದ ಸೇರಿಕೊಳ್ಳುತ್ತೇನೆ.

“ಏನ್ ಮಾತಂತ ಆಡ್ತಿ ಅಕ್ಕಾ? ಇದ್ದಾಕಿಗೆ ಜಾಗಾ ಬಿಡಬೇಕಂತ! ಸತ್ತವ್ರಿಗೆ ಬಿಟ್ಟಂಗ ಅಕ್ಕೈತಿ. ಅಂಥಾ ಮಾತ ಬಾಯಾಗ ತರಬ್ಯಾಡ.”

ಇಲ್ಲಿ ಎಲ್ಲರೂ ಬಿಡುತ್ತಾರೆ ಎಂದೆ.

“ಅಲ್ಲಿ ಮಂದಿ ಬಿಡಲಿ. ನೀ ಅಲ್ಲೆಯಾಕಿ ಆದೇನು?”

ಫೋಟೋ ಬಂತು. ಮನೆಯ ಮುಂದೆ, ಕಣ್ಣು ಕೋರೈಸುವ ಬಿಸಿಲಿನಲ್ಲಿ, ಭುಜಕ್ಕೆ ಭುಜ ತಾಗಿಸಿ ಎಲ್ಲರೂ ನಿಂತಿದ್ದರು. ಮುಂದೆ ಹಲಗೆ ಬೆಂಚಿನ ಮೇಲೆ ಅವ್ವ, ಮಡಿಲಲ್ಲಿ ಕೂಸು. ನಿಂತವರ ಸಾಲಿನಲ್ಲಿ ಒಂದು ಬೆರಳು ತೂರುವಷ್ಟೂ ಸಂದಿ ಇರಲಿಲ್ಲ. ಹಿಂದಿನ ಸಾಲಿನಲ್ಲಿ ನನ್ನ ತಲೆಯೊಂದನ್ನು ಮಾತ್ರ ಇಣುಕಿಸಬಹುದಿತ್ತು. ಅವ್ವ ಹುಡುಕಬೇಕಾಗುತ್ತಿತ್ತು.

ಸ್ಟುಡಿಯೋದ ದೊಡ್ಡ ಪರದೆಯ ಮೇಲೆ ಹಿಗ್ಗಿಸಿ ನೋಡುತ್ತ ಕುಳಿತೆ. ಅವ್ವ ಬೆಂಚಿನ ನಡುವೆ ಕುಳಿತಿರಲಿಲ್ಲ. ತುದಿಗೆ ಸರಿದು, ಅರ್ಧ ಮೈ ಆಚೆ ಜೋಲಿ ಹೊಡೆಯುವಂತೆ ಕುಳಿತಿದ್ದಳು. ಪಕ್ಕದ ಹಲಗೆ ಖಾಲಿ. ಅದರ ಮೇಲೆ ಎಡಗೈ ಊರಿದ್ದಳು, ಅಂಗೈ ಕೆಳಗೆ ಮಾಡಿ. ಬಸ್ಸಿನಲ್ಲಿ ನಮ್ಮವರು ಹತ್ತುವ ತನಕ ಸೀಟು ಹಿಡಿದಿರುತ್ತೇವಲ್ಲ, ಹಾಗೆ.

ತಮ್ಮನಿಗೆ ಫೋನ್ ಮಾಡಿ ಕೇಳಿದೆ. “ನಡುವ ಕುಂಡ್ರು ಅಂತ ಎಷ್ಟ್ ಹೇಳಿದ್ರೂ ಕೇಳಲಿಲ್ಲ ಅಕ್ಕಾ,” ಎಂದ. “ವಯಸ್ಸಾತು, ಹಟ ಜಾಸ್ತಿ ಆಗೈತಿ.”

ಮಲ್ಲಣ್ಣನಿಗೆ ಹೇಳಿದೆ, ನನ್ನದೊಂದು ಫೋಟೋ ತೆಗೆಯಬೇಕು, ಬಿಸಿಲಿನಲ್ಲಿ. ಮೂರು ದಿನ ಕಾದೆವು. ಪಡುವಣದಿಂದ ಮೋಡ ಬರುತ್ತಲೇ ಇತ್ತು. “ನಿಮ್ಮೂರ್ ಬಿಸ್ಲ ಎಲ್ಲಿಂದ ತರನ ಅಕ್ಕ?” ಎಂದು ಅವರು ಕೊನೆಗೆ ಒಳಗೇ ಒಂದು ದೊಡ್ಡ ದೀಪವನ್ನು ಎತ್ತರದಲ್ಲಿ ಕಟ್ಟಿದರು. ನಾನು ಇಳಕಲ್ ಸೀರೆ ಉಟ್ಟು ಬೆಂಚಿನ ಮೇಲೆ ಕುಳಿತೆ. ಮಲ್ಲಣ್ಣ ಎಂದಿನಂತೆ ಬಗ್ಗಿ, ಕ್ಯಾಮೆರಾವನ್ನು ನನ್ನ ಕತ್ತಿನಿಂದ ಕೆಳಕ್ಕೆ ಹಿಡಿದರು.

“ಅಣ್ಣಾರೆ,” ಎಂದೆ, “ಈ ಸಲ ಮುಖಾನೂ ಬೇಕು.”

ಅವರು ಕ್ಯಾಮೆರಾ ಇಳಿಸಿ ನನ್ನ ಮುಖ ನೋಡಿದರು. “ಉಂ ಕಣಕ್ಕ,” ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಎರಡು ದಿನ ಅದೊಂದೇ ಕೆಲಸ ಮಾಡಿದೆ. ನೆರಳನ್ನು ಅವರೆಲ್ಲರ ನೆರಳಿನ ಕಡೆಗೇ ಚೆಲ್ಲಿದೆ. ಮುಖಕ್ಕೆ ಆ ಬಿಸಿಲಿನ ಹಳದಿ ತಂದೆ. ಅವ್ವನ ಬೆರಳುಗಳು ನನ್ನ ಸೀರೆಯ ಅಂಚಿನ ಮೇಲೆ ಬರುವಂತೆ, ಒಂದೊಂದು ಬೆರಳನ್ನೂ ಬಿಡಿಸಿ ಮುಂದಕ್ಕೆ ತಂದೆ. ಮಣಿಕಟ್ಟಿನ ಕಲೆಯನ್ನು ಮುಟ್ಟಲಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಪಾರ್ಸೆಲ್ ಮಾಡಿದೆ.

ಪಟ ತಲುಪಿದ ದಿನ ತಮ್ಮ ಫೋನ್ ಮಾಡಿದ. ಸೇರಿಸಿದ್ದೆಂದು ಗುರುತೇ ಹತ್ತುವುದಿಲ್ಲ ಅಕ್ಕಾ, ನೀನು ಇಲ್ಲೇ ಇದ್ದಂಗೈತಿ ಎಂದು ಹಿಗ್ಗಿದ. ಆಮೇಲೆ ಅವ್ವನಿಗೆ ಕೊಟ್ಟ. ಪಟವನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದಾಳೆಂದು ತೋರುತ್ತದೆ, ಉಸಿರು ಗಾಜಿಗೆ ತಾಗುವ ಸದ್ದು ಕೇಳುತ್ತಿತ್ತು.

“ಸುಟ್ಟ ಕಲಿ ಐತಿ,” ಎಂದಳು. “ಕೈ ನಿಂದ.”

“ಹೂಂನವ್ವಾ, ನಂದ.”

“ಮುಖಾನೂ ನಿಂದ.” ಗಾಜಿನ ಮೇಲೆ ಬೆರಳು ಸರಿದ ಸದ್ದಾಯಿತು. “ಎಲ್ಲಾರೂ ಬಿಸಲಿಗೆ ಕಣ್ಣ ಸಣ್ಣ ಮಾಡ್ಯಾರ ನೀಲಾ. ನೀ ಒಬ್ಬಾಕಿ ಅಗಲಾ ತಗದ ಕುಂತಿ. ಅಲ್ಲೆ ಬಿಸಲ ಬೀಳೂದಿಲ್ಲೇನ ಯವ್ವಾ?”

“ಬೀಳತೈತಿ ಅವ್ವಾ,” ಎಂದೆ.

ಹೊರಗೆ ಸೋನೆ ಇನ್ನೂ ಬಿಟ್ಟಿರಲಿಲ್ಲ.